ಸತ್ತಿದ್ದು ಯಾರು ಅಂತ ಮೊದಲು ಹೇಳಿ

(ಹದಿಹರೆಯದ ಓದುಗರಿಗಾಗಿ ಕಾದಂಬರಿ ಬರೆಯಬೇಕು ಅಂತಿರುವವರ ಶಿಬಿರದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ಇಂಥದ್ದೇ ಒಂದು ಶಿಬಿರದಲ್ಲಿ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. "ಮೇಡಂ, ನಾನೊಂದು ದೆವ್ವದ ಕಾದಂಬರಿ ಬರೀತಿದ್ದೀನಿ" ಅಂದಳು. ಕಥೆ ಹೇಳು ಅಂದೆ. ಒಂದು ಸಣ್ಣ ಊರು, ಊರಾಚೆ ಒಂದು ಹಳೇ ಸೇತುವೆ, ರಾತ್ರಿ ಹೊತ್ತು ಅಲ್ಲಿ ಯಾರೋ ನಿಂತಿರುತ್ತಾರೆ. ಆ ದೆವ್ವ ನೋಡೋಕೆ ಹೇಗಿರುತ್ತೆ, ಯಾವಾಗ ಬರುತ್ತೆ, ಅದು ಬಂದಾಗ ದೀಪ ಹೇಗೆ ಮಿಣುಕುತ್ತೆ, ನಾಯಿ ಹೇಗೆ ಊಳಿಡುತ್ತೆ, ಎಲ್ಲ ವಿವರವಾಗಿ ಹೇಳಿದಳು. ಹತ್ತು ನಿಮಿಷ ಕೇಳಿಸಿಕೊಂಡು ನಾನು ಕೇಳಿದ್ದು ಒಂದೇ ಪ್ರಶ್ನೆ. ಸತ್ತಿದ್ದು ಯಾರು?

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕಥೆ ಹೇಳೋ ಹುಡುಗಿಯ ಅಣ್ಣ" ಅಂದಳು. ಹೇಗಿದ್ದ ಅವನು? "ಒಳ್ಳೆಯವನು." ಅಷ್ಟೇನಾ? "ಅಷ್ಟೇ."

ಇವತ್ತು ನನ್ನ ಮಾತೆಲ್ಲ ಆ "ಅಷ್ಟೇ" ಅನ್ನೋದರ ಸುತ್ತಲೇ ಇರುತ್ತದೆ. ಸಣ್ಣ ಊರು, ಒಂದು ಸಾವು, ಅದರ ಹಿಂದೆ ಒಂದು ಗುಟ್ಟು, ಮಧ್ಯೆ ಒಂದು ದೆವ್ವ, ಇದನ್ನೆಲ್ಲ ಬಿಡಿಸೋಕೆ ಹೊರಟ ಹದಿನಾರರ ಹುಡುಗಿ ಅಥವಾ ಹುಡುಗ. ಈ ಬಗೆಯ ಕಾದಂಬರಿ ನನಗೆ ತುಂಬಾ ಇಷ್ಟ. ಚೆನ್ನಾಗಿ ಬರೆದರೆ ಇದರಷ್ಟು ನಿಜ ಹೇಳುವ ಇನ್ನೊಂದು ಪ್ರಕಾರ ಆ ವಯಸ್ಸಿನವರಿಗೆ ಇಲ್ಲ ಅಂತಲೇ ನಾನು ನಂಬಿದ್ದೇನೆ. ಆದರೆ ಸುಮಾರು ಜನ ದೆವ್ವದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಸತ್ತವರಿಂದ. ಓದುವವರು ಹೆದರುವ ಮೊದಲು ಅವರಿಗೂ ಯಾರನ್ನೋ ಕಳಕೊಂಡ ಹಾಗೆ ಆಗಬೇಕು.

ಅವತ್ತು ಆ ಹುಡುಗಿಯನ್ನು ಬಿಡಲಿಲ್ಲ ನಾನು. ಒಳ್ಳೆಯವನು ಅಂದರೆ ಏನು, ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡ್ತಿದ್ದ, ಅವನಿಂದ ಮನೆಯವರಿಗೆ ಏನು ರೇಜಿಗೆ ಆಗ್ತಿತ್ತು, ಹೇಳು ಅಂದೆ. ರೇಜಿಗೆ ಅಂದ ಕೂಡಲೇ ಅವಳ ಮುಖ ಅರಳಿತು. "ಅಲಾರಂ ಇಡ್ತಿದ್ದ ಮೇಡಂ, ಬೆಳಿಗ್ಗೆ 5.40ಕ್ಕೆ. ಓಡೋಕೆ ಹೋಗ್ತೀನಿ ಅಂತ. ಅದು ಹೊಡೆದರೆ ಇಡೀ ಮನೆ ಏಳ್ತಿತ್ತು, ಅವನೊಬ್ಬನನ್ನು ಬಿಟ್ಟು. ಅವನು ಕಣ್ಣೂ ಬಿಡದೆ ಐದು ನಿಮಿಷ ಮುಂದಕ್ಕೆ ಹಾಕಿ ಮಲಗಿಬಿಡ್ತಿದ್ದ. ಮತ್ತೆ ಹೊಡೀತಿತ್ತು." ಸತ್ತ ಮೇಲೆ ಆ ಫೋನ್ ಏನಾಯಿತು ಅಂತ ಕೇಳಿದೆ. ಅವಳು ಆವರೆಗೆ ಅದನ್ನು ಯೋಚಿಸಿರಲಿಲ್ಲ. ಯೋಚಿಸಿದಳು. ಅಮ್ಮ ಅದನ್ನು ಚಾರ್ಜಿಗೆ ಹಾಕೇ ಇಟ್ಟಿರುತ್ತಾಳೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಹಾಗಾಗಿ ಅಲಾರಂ ತೆಗೆಯೋಕೆ ಆಗೋದಿಲ್ಲ, ದಿನಾ ಬೆಳಿಗ್ಗೆ 5.40ಕ್ಕೆ ಹೊಡೀತದೆ, ದಿನಾ ಮನೆಯವರಲ್ಲಿ ಯಾರೋ ಒಬ್ಬರು ಎದ್ದು ಹೋಗಿ ನಿಲ್ಲಿಸಿ ಬರ್ತಾರೆ, ಯಾರೂ ಅದರ ಬಗ್ಗೆ ಮಾತಾಡೋದಿಲ್ಲ.

"ಹಾಗಾದರೆ ನಿನ್ನ ದೆವ್ವ ಎಲ್ಲಿ ಬರಬೇಕು?" ಅಂದೆ.

"ಒಂದು ದಿನ ಅಲಾರಂ ಶುರುವಾಗುತ್ತೆ. ಯಾರೂ ಎದ್ದಿರೋದಿಲ್ಲ. ತಾನಾಗೇ ನಿಲ್ಲುತ್ತೆ. ಐದು ನಿಮಿಷ ಆದ ಮೇಲೆ ಮತ್ತೆ ಹೊಡೆಯುತ್ತೆ."

ನನ್ನ ಮೈ ಜುಂ ಅಂತು. ಸೇತುವೆ, ದೀಪ, ನಾಯಿ ಯಾವುದೂ ಬೇಕಾಗಿಲ್ಲ ಅಲ್ವಾ? ನಮಗೆ ಭಯ ಆಗುತ್ತೆ, ಅದರ ಜೊತೆಗೇ ಹಾಳಾದ್ದು ಆಸೆಯೂ ಆಗುತ್ತೆ. ಅವನೇ ಇರಬಹುದಾ? ಅವನೇ ಇರಲಿ. ಭಯ ಮತ್ತು ಆಸೆ ಒಂದೇ ಸಲಕ್ಕೆ ಬಂದರೆ ಅದು ನಮಗೆ ಬೇಕಾದ ದೆವ್ವ.

ಇದು ಬರೀ ಕಥೆಗಾರರ ಕಲ್ಪನೆ ಅಂದುಕೊಳ್ಳಬೇಡಿ. ವೇಲ್ಸ್‌ನಲ್ಲಿ ಡೂಯಿ ರೀಸ್ ಅಂತ ಒಬ್ಬ ವೈದ್ಯರಿದ್ದರು. ಗಂಡ ಅಥವಾ ಹೆಂಡತಿಯನ್ನು ಕಳಕೊಂಡ 293 ಜನರನ್ನು ಅವರು ಮಾತಾಡಿಸಿದರು. 1971ರಲ್ಲಿ ಅದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸತ್ತವರು ಹತ್ತಿರ ಇದ್ದಾರೆ ಅಂತ ಅನ್ನಿಸಿದ್ದು, ಅವರು ಕಂಡದ್ದು, ದನಿ ಕೇಳಿದ್ದು, ಮುಟ್ಟಿದ ಹಾಗಾಗಿದ್ದು, ಇಂಥ ಅನುಭವ ಆ ಜನರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ಆಗಿತ್ತು. ಅವರಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಹೇಳಿದ್ದು ಕಣ್ಣಿಗೆ ಕಂಡ ಬಗ್ಗೆ ಅಲ್ಲವೇ ಅಲ್ಲ, ಸುಮ್ನೆ ಪಕ್ಕದಲ್ಲಿ ಇದ್ದಾರೆ ಅನ್ನಿಸಿದ ಬಗ್ಗೆ. ಅವರಲ್ಲಿ ಬಹಳಷ್ಟು ಜನಕ್ಕೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ನನ್ನನ್ನು ಜಾಸ್ತಿ ತಟ್ಟಿದ ಸಂಗತಿ ಇನ್ನೊಂದು. ಅವರಲ್ಲಿ ಹೆಚ್ಚಿನವರು ಆ ವೈದ್ಯರು ಕೇಳುವವರೆಗೆ ಅದನ್ನು ಒಬ್ಬರ ಹತ್ತಿರವೂ ಹೇಳಿರಲಿಲ್ಲ.

ಸ್ವಲ್ಪ ಯೋಚಿಸಿ. ಒಂದು ಬೀದಿಯಲ್ಲಿ ಅಕ್ಕಪಕ್ಕದ ಎರಡು ಮನೆ. ಎರಡರಲ್ಲೂ ಒಂದೊಂದು ಸಾವಾಗಿದೆ. ಇಬ್ಬರಿಗೂ ರಾತ್ರಿ ಯಾರೋ ಬಂದು ಮಂಚದ ತುದಿಯಲ್ಲಿ ಕೂತ ಹಾಗಾಗುತ್ತೆ. ಬೆಳಿಗ್ಗೆ ಇಬ್ಬರೂ ಎದುರಾಗುತ್ತಾರೆ, ನಕ್ಕು ಮುಂದೆ ಹೋಗುತ್ತಾರೆ. ನಿಮ್ಮ ಸಣ್ಣ ಊರು ಇಲ್ಲೇ ಸಿಕ್ಕಿತು. ಹಳೇ ಸೇತುವೆ, ಪಾಳು ಮನೆ ಇದ್ದರೆ ಇರಲಿ, ಬೇಡ ಅನ್ನೋದಿಲ್ಲ. ಆದರೆ ಸಣ್ಣ ಊರನ್ನು ಸಣ್ಣ ಊರು ಮಾಡೋದು ಮಾತಾಡದೆ ಉಳಿದ ಮಾತು. ಅಲ್ಲಿ ಗುಟ್ಟು ಅಂದರೆ ಯಾರಿಗೂ ಗೊತ್ತಿಲ್ಲದ ವಿಷಯ ಅಂತ ಅರ್ಥವಿಲ್ಲ. ಎಲ್ಲರಿಗೂ ಗೊತ್ತಿರುತ್ತೆ, ಯಾರೂ ಬಾಯಿ ಬಿಡೋದಿಲ್ಲ, ಅಷ್ಟೇ. ಹುಡುಗಿ ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತೆ. ಅಣ್ಣನ ಗೆಳೆಯ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ. ಸಾವಿಗೆ ಕಾರಣ ಆದವರೇ ಮನೆಗೆ ಬಂದು ಅಮ್ಮನ ಕೈ ಹಿಡಿದು ಕೂತು ಹೋಗಿರುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆ, ಯಾಕಂದರೆ ಬರದೇ ಇದ್ದರೆ ಊರಿಗೆ ಗೊತ್ತಾಗುತ್ತೆ. ದೊಡ್ಡ ಊರಲ್ಲಿ ಇದು ಆಗೋದಿಲ್ಲ, ಅಲ್ಲಿ ತಪ್ಪಿಸಿಕೊಳ್ಳೋಕೆ ಜಾಗ ಇರುತ್ತೆ.

ಈಗ ನಿಮಗೊಂದು ನಿಜವಾದ ಸಣ್ಣ ಊರಿನ ಕಥೆ ಹೇಳ್ತೀನಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹೈಡ್ಸ್‌ವಿಲ್ ಅಂತ ಒಂದು ಪುಟ್ಟ ಊರಿತ್ತು. 1848ರ ಮಾರ್ಚ್ ತಿಂಗಳು. ಫಾಕ್ಸ್ ಅನ್ನೋ ಕುಟುಂಬದ ಮನೆಯಲ್ಲಿ ರಾತ್ರಿ ಹೊತ್ತು ಟಕ್ ಟಕ್ ಅಂತ ಸದ್ದು ಬರೋಕೆ ಶುರುವಾಯಿತು. ಆ ಮನೆಯಲ್ಲಿ ಇಬ್ಬರು ಹುಡುಗಿಯರು, ಮ್ಯಾಗಿ ಮತ್ತು ಕೇಟ್. ಮ್ಯಾಗಿಗೆ 14ರ ಆಸುಪಾಸು, ಕೇಟ್ ಇನ್ನೂ ಚಿಕ್ಕವಳು. ಪ್ರಶ್ನೆ ಕೇಳಿದರೆ ಸದ್ದು ಉತ್ತರ ಕೊಡ್ತಿತ್ತು. ಅಕ್ಕಪಕ್ಕದವರೆಲ್ಲ ಬಂದು ಸೇರಿದರು. ಈ ಮನೆಯಲ್ಲಿ ಹಿಂದೆ ಒಬ್ಬ ತಿರುಗಾಡುವ ವ್ಯಾಪಾರಿಯನ್ನು ಕೊಂದಿದ್ದಾರೆ, ನೆಲಮಾಳಿಗೆಯಲ್ಲಿ ಹೂತಿದ್ದಾರೆ, ಅಂತ ಆ ಸದ್ದಿನಿಂದಲೇ ಕಥೆ ಹೊರಟಿತು. ಜನ ನೆಲ ಅಗೆದರು. ಸತ್ತವರು ಹೀಗೆ ಬಡಿದು ನಮ್ಮ ಜೊತೆ ಮಾತಾಡ್ತಾರೆ ಅನ್ನೋ ನಂಬಿಕೆ ಅಲ್ಲಿಂದ ಹಬ್ಬಿ ದೇಶವೆಲ್ಲ ಸುತ್ತಿತು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅಲ್ಲಿ ಆರು ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತಾಗ, ಮಗನ ಹೆಣವೂ ಸಿಗದ ಮನೆಗಳವರು ಮೇಜಿನ ಸುತ್ತ ಕೂತು ಇಂಥದ್ದೇ ಬಡಿತಕ್ಕೆ ಕಾದರು. 1888ರಲ್ಲಿ ಮ್ಯಾಗಿ ನ್ಯೂಯಾರ್ಕಿನಲ್ಲಿ ತುಂಬಿದ ಸಭೆಯ ಮುಂದೆ ನಿಂತು, ಅದೆಲ್ಲ ಕಾಲಿನ ಬೆರಳಿನ ಗೆಣ್ಣಿನಿಂದ ನಾವೇ ಮಾಡಿದ ಸದ್ದು ಅಂತ ತೋರಿಸಿದಳು. ಮರುವರ್ಷ ಆ ಮಾತನ್ನು ವಾಪಸ್ ತಗೊಂಡಳು.

ಈ ಕಥೆ ಹೇಳುವವರೆಲ್ಲ ವ್ಯಾಪಾರಿಯ ಕೊಲೆ ಬಗ್ಗೆ ಹೇಳ್ತಾರೆ. ಕೊನೆಗೆ ಮೋಸ ಬಯಲಾದ ಬಗ್ಗೆ ಹೇಳ್ತಾರೆ. ನನ್ನ ಮನಸ್ಸು ಹಿಡಿದು ನಿಲ್ಲೋದು ಇನ್ನೊಂದು ಜಾಗದಲ್ಲಿ. ಮೊದಲ ರಾತ್ರಿಗಳ ಬಗ್ಗೆ ಆ ಹುಡುಗಿಯರ ತಾಯಿ ಒಂದು ಹೇಳಿಕೆ ಕೊಟ್ಟಿದ್ದಾಳೆ. ನನ್ನ ಮಕ್ಕಳ ವಯಸ್ಸು ಹೇಳು ಅಂತ ಅವಳು ಆ ಸದ್ದನ್ನು ಕೇಳುತ್ತಾಳೆ. ಒಬ್ಬೊಬ್ಬರ ವಯಸ್ಸನ್ನೂ ಅದು ಸರಿಯಾಗಿ ಬಡಿಯುತ್ತೆ, ನಡುವೆ ಸ್ವಲ್ಪ ಸ್ವಲ್ಪ ಬಿಟ್ಟು. ಆಮೇಲೆ ಸದ್ದು ನಿಲ್ಲುತ್ತೆ. ಜಾಸ್ತಿ ಹೊತ್ತು ನಿಲ್ಲುತ್ತೆ. ಆಮೇಲೆ ಇನ್ನೂ ಮೂರು ಸಲ ಗಟ್ಟಿಯಾಗಿ ಬಡಿಯುತ್ತೆ. ಅವಳ ಎಲ್ಲಕ್ಕಿಂತ ಚಿಕ್ಕ ಮಗು ಮೂರು ವರ್ಷಕ್ಕೆ ತೀರಿಕೊಂಡಿತ್ತು.

ಆ ಸದ್ದು ಮಾಡಿದ್ದು ಹುಡುಗಿಯರೇ ಅಂತ ಇಟ್ಟುಕೊಳ್ಳಿ. ಹಾಗಿದ್ದರೆ ಆ ಮೂರು ಬಡಿತ ಬಡಿದವರು ಸತ್ತ ಮಗುವಿನ ಅಕ್ಕಂದಿರು. ಕತ್ತಲಲ್ಲಿ ಅಮ್ಮ ಕೂತಿದ್ದಾಳೆ, ಬದುಕಿರುವ ಮಕ್ಕಳ ಲೆಕ್ಕ ಮುಗಿದಿದೆ, ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅದನ್ನೂ ಸೇರಿಸಿದರು. ಯಾಕೆ ಸೇರಿಸಿದರು? ಅಮ್ಮನನ್ನು ಹೆದರಿಸೋಕಾ, ಸಮಾಧಾನ ಮಾಡೋಕಾ, ಆ ಮಗುವಿನ ಹೆಸರು ಯಾರೂ ಎತ್ತದ ಮನೆಯಲ್ಲಿ ಒಂದು ಸಲ ಎತ್ತೋಕಾ? ನನ್ನ ಪ್ರಕಾರ ನೀವು ಬರೆಯಬೇಕಾದ ಕಾದಂಬರಿ ಈ ಪ್ರಶ್ನೆಯಲ್ಲಿದೆ. ನೆಲಮಾಳಿಗೆಯ ವ್ಯಾಪಾರಿ ನಿಮ್ಮ ಕಥಾಹಂದರ. ಆ ಮೂರು ಬಡಿತ ನಿಮ್ಮ ಕಾದಂಬರಿ.

ಯಾಕೆ ಹದಿಹರೆಯದವರೇ ಬೇಕು ಅಂತ ಕೆಲವರು ಕೇಳ್ತಾರೆ. ದೊಡ್ಡವರ ಕಥೆಯಾಗಿ ಯಾಕೆ ಬರೆಯಬಾರದು? ಬರೆಯಬಹುದು. ಆದರೆ ಆ ವಯಸ್ಸಿಗೆ ಒಂದು ವಿಶೇಷ ಇಕ್ಕಟ್ಟಿದೆ. ಸಾವು ಅಂದರೆ ಏನು ಅಂತ ದೊಡ್ಡವರಷ್ಟೇ ಪೂರ್ತಿ ಗೊತ್ತಿರುತ್ತೆ. ಆದರೆ ಯಾರೂ ಅವರಿಗೆ ಏನೂ ಹೇಳೋದಿಲ್ಲ. ಆಸ್ಪತ್ರೆಯವರು ಅಪ್ಪನ ಹತ್ತಿರ ಮಾತಾಡ್ತಾರೆ, ಪೊಲೀಸರು ಅಪ್ಪನ ಹತ್ತಿರ ಮಾತಾಡ್ತಾರೆ, ಇವರನ್ನು ಒಳಗೆ ಹೋಗು ಅಂತಾರೆ. ಬಾಗಿಲ ಹಿಂದೆ ನಿಂತು ಅರ್ಧಂಬರ್ಧ ಕೇಳಿಸಿಕೊಂಡವರೇ ಪತ್ತೇದಾರರಾಗೋದು. ಹುಡುಗಿ ಅಣ್ಣನ ಸಾವಿನ ಗುಟ್ಟು ಬಿಡಿಸೋಕೆ ಹೊರಡೋದು ಸಾಹಸಕ್ಕಲ್ಲ, ತನ್ನ ಪಾಲಿನ ದುಃಖವನ್ನು ಯಾರೂ ಕೈಗೆ ಕೊಡದೇ ಇದ್ದಾಗ ತಾನೇ ಹೋಗಿ ಎತ್ತಿಕೊಳ್ಳೋದಕ್ಕೆ.

ನನಗೆ 16 ಇದ್ದಾಗ ನನ್ನ ಗೆಳತಿಯೊಬ್ಬಳು ತೀರಿಕೊಂಡಳು. ಅದಾಗಿ ನಾಲ್ಕನೇ ದಿನವೋ ಐದನೇ ದಿನವೋ ತರಗತಿಯಲ್ಲಿ ಯಾರೋ ಏನೋ ತಮಾಷೆ ಮಾಡಿದರು, ನಾನು ಜೋರಾಗಿ ನಕ್ಕುಬಿಟ್ಟೆ, ನಗ್ತಾ ಪಕ್ಕಕ್ಕೆ ತಿರುಗಿದೆ, ಅವಳಿಗೂ ಹೇಳೋಣ ಅಂತ. ಬೆಂಚು ಖಾಲಿ ಇತ್ತು. ಆ ನಗು ನನಗೆ ವರ್ಷಗಟ್ಟಲೆ ಚುಚ್ಚಿತು. ನಾನು ಅಷ್ಟು ಬೇಗ ನಕ್ಕೆನಲ್ಲ, ನನಗೆ ನಿಜವಾಗಿ ದುಃಖವೇ ಆಗಿರಲಿಲ್ಲವೇನೋ ಅಂತ. ಎಷ್ಟೋ ವರ್ಷ ಆದ ಮೇಲೆ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನೋ ಇಬ್ಬರು ಸಂಶೋಧಕರು 1999ರಲ್ಲಿ ಬರೆದದ್ದನ್ನು ಓದಿದೆ. ದುಃಖದಲ್ಲಿರುವ ಮನುಷ್ಯ ಒಂದೇ ಕಡೆ ನಿಂತಿರೋದಿಲ್ಲ, ಕಳಕೊಂಡಿದ್ದರ ಕಡೆಗೆ ಸ್ವಲ್ಪ ಹೊತ್ತು, ಬದುಕಿನ ಕಡೆಗೆ ಸ್ವಲ್ಪ ಹೊತ್ತು, ಹೀಗೆ ಆಚೆ ಈಚೆ ಓಲಾಡ್ತಾನೆ, ಆ ಓಲಾಟವೇ ಸಹಜ ಅಂತ ಅವರು ಹೇಳ್ತಾರೆ. ಅದನ್ನು ಓದಿದ ದಿನ ನಾನು ಅತ್ತೆ.

ಈ ಓಲಾಟ ನಿಮಗೆ ಕಾದಂಬರಿಯ ನಡಿಗೆಯನ್ನೂ ಕೊಡುತ್ತೆ ನೋಡಿ. ಗುಟ್ಟು ಹುಡುಕುವ ಅಧ್ಯಾಯಗಳಲ್ಲಿ ಹುಡುಗಿ ಓಡಾಡ್ತಾಳೆ, ಗೆಳೆಯರ ಜೊತೆ ಜಗಳ ಆಡ್ತಾಳೆ, ಯಾರನ್ನೋ ಇಷ್ಟಪಡ್ತಾಳೆ, ನಗ್ತಾಳೆ. ಮನೆಗೆ ಬಂದರೆ ಬಾಗಿಲ ಬಳಿ ಅಣ್ಣನ ಬೂಟು. ಎರಡನ್ನೂ ಒಂದೇ ಕಾದಂಬರಿಯಲ್ಲಿ ಇಡೋದು ಸರಿಯಾ ಅಂತ ಹಿಂಜರಿಯಬೇಡಿ. ನಗು ಇಲ್ಲದ ದುಃಖದ ಪುಸ್ತಕವನ್ನು ದುಃಖದಲ್ಲಿರುವ ಮಕ್ಕಳು ನಂಬೋದಿಲ್ಲ.

ಇನ್ನು ದುಃಖದ ಐದು ಹಂತಗಳು ಅಂತ ಹೇಳ್ತಾರಲ್ಲ, ಅವು. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳೋದು. ಇವನ್ನು ಇಟ್ಟುಕೊಂಡು ಐದು ಭಾಗದ ಕಾದಂಬರಿ ಯೋಜನೆ ಮಾಡಿದ ಹಸ್ತಪ್ರತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಬೇಡ. ಮನೋವೈದ್ಯೆ ಎಲಿಸಬೆತ್ ಕುಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾಯುತ್ತಿರುವ ರೋಗಿಗಳ ಜೊತೆ ಮಾತಾಡಿ, ಅವರ ಬಗ್ಗೆ. ಹಿಂದೆ ಉಳಿದವರ ಬಗ್ಗೆ ಬರೆದ ವೇಳಾಪಟ್ಟಿ ಅಲ್ಲ ಅದು.

ದೆವ್ವಕ್ಕೆ ನಿಯಮ ಬೇಕು, ಇದನ್ನು ಎಲ್ಲರೂ ಹೇಳ್ತಾರೆ. ಬರೀ ಬಾಗಿಲು ದಾಟಬಹುದಾ, ವಸ್ತು ಎತ್ತಬಹುದಾ ಅನ್ನೋ ನಿಯಮ ಸಾಲೋದಿಲ್ಲ. ನಿಯಮಗಳು ದುಃಖದಿಂದಲೇ ಹುಟ್ಟಬೇಕು. ನನ್ನ ಮಟ್ಟಿಗೆ, ಸತ್ತವನಿಗೆ ಬದುಕಿದ್ದಾಗ ಗೊತ್ತಿದ್ದಕ್ಕಿಂತ ಜಾಸ್ತಿ ಗೊತ್ತಿರಬಾರದು. ಸತ್ತ ಮಾತ್ರಕ್ಕೆ ಅವನು ಜ್ಞಾನಿ ಆಗಿಬಿಟ್ಟರೆ ಅವನು ನಮ್ಮವನಾಗಿ ಉಳಿಯೋದಿಲ್ಲ. ಅವನು ಅದೇ ಹಳೇ ಜಗಳವನ್ನೇ ಆಡಬೇಕು. ಮತ್ತೊಂದು ನಿಯಮ, ಅವನು ಬೆಳೆಯೋದಿಲ್ಲ. ಇದನ್ನು ಸುಮ್ನೆ ಒಂದು ವಾಕ್ಯದಲ್ಲಿ ದಾಟಿ ಹೋಗ್ತಾರೆ, ಆದರೆ ಇಡೀ ಕಾದಂಬರಿ ಇಲ್ಲಿದೆ. ಅಣ್ಣ 17ಕ್ಕೆ ಸತ್ತ. ತಂಗಿಗೆ ಈಗ 15. ಎರಡು ವರ್ಷ ಆದರೆ ಅವಳಿಗೂ 17. ಅದರ ಮರುವರ್ಷ ಅವಳ ಹುಟ್ಟುಹಬ್ಬದ ದಿನ ಅವಳು ಅಣ್ಣನಿಗಿಂತ ದೊಡ್ಡವಳು. ಅವತ್ತು ಅವನು ಮೂಲೆಯಲ್ಲಿ ನಿಂತಿದ್ದರೆ, ಅದೇ ಅಂಗಿ, ಅದೇ ಅರೆಬರೆ ಮೀಸೆ, ಅವಳು ಅವನನ್ನು ಏನಂತ ಕರೆಯಬೇಕು?

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಿಮ್ಮ ಕಥೆಯ ಸಾವು ಆತ್ಮಹತ್ಯೆ ಆಗಿದ್ದರೆ ತುಂಬಾ ಎಚ್ಚರ ಬೇಕು. ಮಾಧ್ಯಮದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ನಮಗೂ ಅನ್ವಯಿಸುತ್ತೆ: ಹೇಗೆ ಮಾಡಿಕೊಂಡರು ಅನ್ನೋ ವಿವರ ಬೇಡ, ಒಂದೇ ಕಾರಣಕ್ಕೆ ಅದನ್ನು ಕಟ್ಟಿಹಾಕೋದು ಬೇಡ, ಅದನ್ನು ಒಂದು ಪರಿಹಾರದ ಹಾಗೆ ತೋರಿಸೋದು ಬೇಡ. ದೆವ್ವ ಬಂದರೆ ಅಪಾಯ ಇನ್ನೂ ಜಾಸ್ತಿ. ಯಾಕಂದರೆ ಸತ್ತ ಹುಡುಗ ಅಲ್ಲೇ ನಿಂತು ಎಲ್ಲರೂ ಅಳೋದನ್ನು, ಎಲ್ಲರೂ ಪಶ್ಚಾತ್ತಾಪ ಪಡೋದನ್ನು ನೋಡ್ತಾನೆ. ಸಂಕಟದಲ್ಲಿರುವ ಒಬ್ಬ ಓದುಗನಿಗೆ ಅದು ಆಮಿಷದ ಹಾಗೆ ಕಾಣಬಹುದು. ನಿಜವಾದ ಸಾವಿನಲ್ಲಿ ನೋಡೋಕೆ ಯಾರೂ ಉಳಿಯೋದಿಲ್ಲ. ಅಂಥ ಕಥೆಯಲ್ಲಿ ದೆವ್ವವನ್ನೇ ಕೈಬಿಡಿ ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ. ಬರೆಯುವವರಿಗೆ ಬೇಜಾರಾಗುತ್ತೆ, ಆಗಲಿ.

ಕೊನೆಯ ಭಾಗಕ್ಕೆ ಬರೋಣ. ಗುಟ್ಟು ಒಂದು ಪ್ರಶ್ನೆ ಕೇಳುತ್ತೆ, ಏನಾಯಿತು ಅಂತ. ದುಃಖ ಬೇರೆಯದೇ ಪ್ರಶ್ನೆ ಕೇಳುತ್ತೆ, ಈಗ ಏನು ಮಾಡಲಿ ಅಂತ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದೂ ತಾನಾಗೇ ಸರಿಹೋಗುತ್ತೆ ಅಂತ ಹುಡುಗಿ ನಂಬಿರುತ್ತಾಳೆ. ಕಾದಂಬರಿಕಾರರೂ ನಂಬಿಬಿಟ್ಟರೆ ಪುಸ್ತಕ ಅಲ್ಲಿಗೆ ಸತ್ತಿತು. ತಪ್ಪಿತಸ್ಥ ಸಿಕ್ಕಿದ, ಎಲ್ಲರೂ ತಪ್ಪೊಪ್ಪಿಕೊಂಡರು, ಮರುದಿನ ಬೆಳಿಗ್ಗೆ ಅಣ್ಣ ಇನ್ನೂ ಸತ್ತೇ ಇದ್ದಾನೆ. ಆ ಮರುದಿನ ಬೆಳಿಗ್ಗೆಯ ಅಧ್ಯಾಯವನ್ನು ನಾನು ಮೊದಲು ಓದ್ತೀನಿ, ಯಾವ ಹಸ್ತಪ್ರತಿ ಬಂದರೂ.

2011ರಲ್ಲಿ ಬಂದ ಪ್ಯಾಟ್ರಿಕ್ ನೆಸ್ ಅವರ 'ಎ ಮಾನ್‌ಸ್ಟರ್ ಕಾಲ್ಸ್' ನಿಮ್ಮಲ್ಲಿ ಕೆಲವರು ಓದಿರಬಹುದು. ಅದರ ಮೂಲ ಯೋಚನೆ ಶಿವಾನ್ ಡೌಡ್ ಅನ್ನೋ ಲೇಖಕಿಯದು. ಅದನ್ನು ಬರೆದು ಮುಗಿಸುವ ಮೊದಲೇ, 2007ರಲ್ಲಿ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಪುಸ್ತಕದಲ್ಲಿ 13 ವರ್ಷದ ಹುಡುಗನೊಬ್ಬನ ಅಮ್ಮನಿಗೆ ಕಾಯಿಲೆ, ರಾತ್ರಿ 12.07ಕ್ಕೆ ಅವನ ಹತ್ತಿರ ಒಂದು ದೈತ್ಯ ಬರುತ್ತೆ. ಅಮ್ಮನನ್ನು ಉಳಿಸೋಕೆ ಬಂದಿದೆ ಅಂತ ಹುಡುಗ ಅಂದುಕೊಳ್ತಾನೆ. ಅದು ಮೂರು ಕಥೆ ಹೇಳಿ, ನಾಲ್ಕನೆಯದನ್ನು ನೀನು ಹೇಳು ಅನ್ನುತ್ತೆ. ಅಲ್ಲಿ ಪತ್ತೆಯಾಗಬೇಕಾದ ಗುಟ್ಟು ಹುಡುಗನ ಎದೆಯೊಳಗೇ ಇದೆ. ನಿಮ್ಮ ಕಥೆಯಲ್ಲೂ ಊರಿನ ಗುಟ್ಟಿನ ಕೆಳಗೆ ಹುಡುಗಿಯ ಗುಟ್ಟೊಂದು ಇರಲಿ. ಅವತ್ತು ಬೆಳಿಗ್ಗೆ ಅಣ್ಣನಿಗೆ ಅವಳು ಏನಂದಿದ್ದಳು? ಅಲಾರಂ ಹೊಡೆದಾಗ?

ದೆವ್ವ ಬೆಳಕಿನೊಳಗೆ ನಡೆದು ಹೋಗುವ ಮುಕ್ತಾಯ ನನಗೆ ಹಿಡಿಸೋದಿಲ್ಲ. ಬಿಟ್ಟುಕೊಟ್ಟರೆ ಮಾತ್ರ ಗುಣವಾಗುತ್ತೆ ಅನ್ನೋ ನಂಬಿಕೆ ಅದರ ಹಿಂದಿದೆ. 1996ರಲ್ಲಿ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್ಮನ್ ಅನ್ನೋ ಸಂಶೋಧಕರು ಒಂದು ಪುಸ್ತಕ ತಂದರು. ಸತ್ತವರ ಜೊತೆಗಿನ ನಂಟು ಮುಗಿಯಲೇಬೇಕು ಅಂತಿಲ್ಲ, ಅದು ರೂಪ ಬದಲಿಸಿಕೊಂಡು ಮುಂದುವರಿಯುತ್ತೆ, ಅದು ಕಾಯಿಲೆಯಲ್ಲ ಅಂತ ಅದರ ವಾದ. ಅಪ್ಪನನ್ನೋ ಅಮ್ಮನನ್ನೋ ಕಳಕೊಂಡ ಮಕ್ಕಳು ಅವರ ಜೊತೆ ಮನಸ್ಸಲ್ಲೇ ಮಾತಾಡ್ತಾರೆ, ಅವರ ವಸ್ತು ಇಟ್ಟುಕೊಳ್ತಾರೆ, ಹಾಗೇ ಬೆಳೀತಾರೆ. ಹಾಗಾಗಿ ನಿಮ್ಮ ದೆವ್ವ ಹೋಗಲೇಬೇಕು ಅಂತ ಯಾರೂ ಹೇಳಿಲ್ಲ.

ಆ ಹುಡುಗಿ ಮೂರು ತಿಂಗಳು ಬಿಟ್ಟು ಕೊನೆಯ ಅಧ್ಯಾಯ ಕಳಿಸಿದಳು. ಇವತ್ತು ಅದರ ಬಗ್ಗೆ ಹೇಳೋಕೆ ಅವಳ ಒಪ್ಪಿಗೆ ತಗೊಂಡಿದ್ದೇನೆ. ಸೇತುವೆ ಹತ್ತಿರ ಏನಾಯಿತು ಅನ್ನೋದು ಆಗಲೇ ಊರಿಗೆಲ್ಲ ಗೊತ್ತಾಗಿದೆ. ತಿಂಗಳುಗಳಿಂದ ಅಲಾರಂ ತಾನಾಗೇ ನಿಂತಿಲ್ಲ. ಕಥೆ ಹೇಳುವ ಹುಡುಗಿಗೆ ಅವತ್ತು 18 ತುಂಬುತ್ತೆ. 5.40. ಅಲಾರಂ ಹೊಡೆಯುತ್ತೆ. ಅವಳು ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ, ಏಳೋದಿಲ್ಲ, ಕಾಯ್ತಾಳೆ. ಹೊಡೀತಾ ಇದೆ. ಆಮೇಲೆ ಅಮ್ಮನ ಕೋಣೆಯ ಬಾಗಿಲು ತೆಗೆದ ಸದ್ದು, ಅಮ್ಮನ ಹೆಜ್ಜೆ. ಅಮ್ಮ ಅಣ್ಣನ ಕೋಣೆಗೆ ಹೋಗ್ತಾಳೆ. ಸದ್ದು ನಿಲ್ಲುತ್ತೆ. ಅಮ್ಮ ಹೊರಗೆ ಬರೋದಿಲ್ಲ. ಐದು ನಿಮಿಷ ಆಗುತ್ತೆ. ಮತ್ತೆ ಹೊಡೆಯುತ್ತೆ.